ಜನರನ್ನು ಕಾಡಿಗೆ ಕರೆದೊಯ್ದು ವಾಪಸ್ ತರುವುದೂ ಒಂದು ಕೆಲಸ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ. ನಾನು ಚಿಂಚೋಳಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. 21 ವರ್ಷದಿಂದ ಇದೇ ಕೆಲಸ. ಮಕ್ಕಳಿಗೆ ಖೋ ಖೋ, ಕಬಡ್ಡಿ ಆಡಿಸುತ್ತೇನೆ. ವರ್ಷಕ್ಕೆ ಒಂದೆರಡು ಸಲ ಬೆಟ್ಟಕ್ಕೋ ಕಾಡಿಗೋ ಕರೆದುಕೊಂಡು ಹೋಗುತ್ತೇನೆ. ಈ ಪತ್ರ ಬರೆಯಲು ಕಾರಣ ಆ ಎರಡನೇ ಕೆಲಸ. ಅದನ್ನು ಹೇಗೆ ಮಾಡಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಕಲಿಯದೆಯೇ ಮಾಡಿದೆ. ಅದರಿಂದ ಒಂದು ಹುಡುಗಿಯ ಜೀವ ಹೋಗುವುದರಲ್ಲಿತ್ತು.

ಹನ್ನೆರಡು ವರ್ಷದ ಹಿಂದಿನ ಮಾತು. ಮಾರ್ಚ್ ತಿಂಗಳ ಕೊನೆ. 54 ಮಕ್ಕಳನ್ನು ಯಾದಗಿರಿ ಕೋಟೆ ನೋಡಲು ಕರೆದೊಯ್ದಿದ್ದೆ. ಬೆಳಿಗ್ಗೆ ಎಂಟಕ್ಕೆಲ್ಲ ಬೆಟ್ಟ ಹತ್ತಿ ಇಳಿಯಬೇಕು ಅನ್ನೋದು ಲೆಕ್ಕ. ದಾರಿಯಲ್ಲಿ ಬಸ್ ಪಂಕ್ಚರ್ ಆಯಿತು. ಕೋಟೆಯ ಬುಡ ಮುಟ್ಟಿದಾಗ ಹನ್ನೊಂದೂವರೆ. ಇಷ್ಟು ದೂರ ಬಂದು ಹಾಗೇ ಹೋಗೋದಾ ಅಂತ ಮಕ್ಕಳು ಮುಖ ಸಣ್ಣ ಮಾಡಿದರು. ನಾನು ಹತ್ತಿಸಿದೆ. ತಪ್ಪು ಅಲ್ಲೇ ಆಗಿದ್ದು.

ಅರ್ಧ ದಾರಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ಬಂಡೆಗೆ ಒರಗಿ ಕುಳಿತುಬಿಟ್ಟಳು. ಸುಸ್ತು ಅಂದುಕೊಂಡೆ. ವಾಂತಿ ಮಾಡಿದಳು. ಹೆಸರು ಕೇಳಿದರೆ ತೊದಲಿದಳು. ನಿಮ್ಮ ಊರು ಯಾವುದಮ್ಮ ಅಂದರೆ ನನ್ನನ್ನೇ ನೋಡುತ್ತಾ ಸುಮ್ನೆ ಇದ್ದಳು. ಮೈ ಮುಟ್ಟಿದರೆ ಕಾದ ಹಂಚು. ನಾನು, ಇನ್ನೊಬ್ಬ ಮೇಷ್ಟ್ರು ಸೇರಿ ಅವಳನ್ನು ಎತ್ತಿಕೊಂಡು ಕೆಳಗೆ ಓಡಲು ಸಿದ್ಧರಾದೆವು. ದಾರಿ ಬದಿ ಸೌತೆಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬರು ಎದ್ದು ಬಂದರು. "ಅಕಿನ ಈಗ ಎತ್ತಬ್ಯಾಡ್ರಿ ಮಾಸ್ತರ. ಮೊದ್ಲ ಮೈ ತೋಯಸ್ರಿ" ಅಂದರು. ತಮ್ಮ ಕೊಡದ ನೀರನ್ನು ಹುಡುಗಿಯ ತಲೆ, ಕುತ್ತಿಗೆ, ಕಂಕುಳಿಗೆ ಸುರಿದರು. ವೇಲ್ ಒದ್ದೆ ಮಾಡಿ ಹೊದಿಸಿ, ಸೌತೆಕಾಯಿ ಬುಟ್ಟಿಯ ಮುಚ್ಚಳದಿಂದ ಗಾಳಿ ಬೀಸಿದರು. ಇಪ್ಪತ್ತು ನಿಮಿಷ ಆದ ಮೇಲೆ ಹುಡುಗಿ "ಸರ್, ನನ್ ಚಪ್ಪಲಿ ಎಲ್ಲದ್ರೀ" ಅಂತ ಕೇಳಿದಳು. ಆ ಮಾತು ಕೇಳಿ ನನಗೆ ಅಳು ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಇಷ್ಟೇ: ತಂಪು ಮಾಡದೆ ಎತ್ತಿಕೊಂಡು ಓಡಿದ್ದರೆ ಕಷ್ಟ ಇತ್ತು. ಬಿಸಿಲು ಬಡಿದು ಮೈಯೊಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತಪ್ಪಿತು ಅಂದರೆ ಅದು ಸುಸ್ತಲ್ಲ, ಪ್ರಾಣದ ಪ್ರಶ್ನೆ. ಮೊದಲು ತಂಪು, ಆಮೇಲೆ ಆಸ್ಪತ್ರೆಗೆ ಸಾಗಾಟ. ಅಜ್ಜಿಗೆ ಗೊತ್ತಿದ್ದ ಈ ಮಾತು ಬಿ.ಪಿ.ಇಡಿ ಮಾಡಿದ ನನಗೆ ಗೊತ್ತಿರಲಿಲ್ಲ. ನಮ್ಮ ಬಿಸಿಲು ಎಂಥದ್ದು ಅಂತ ಸರ್ಕಾರಕ್ಕೂ ಗೊತ್ತಿದೆ, ಅಲ್ವಾ? ಅದಕ್ಕೇ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂತೆಂದರೆ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತಾರೆ. ಫ್ಯಾನ್ ಕೆಳಗೆ ಕೂತವರಿಗೆ ಇಷ್ಟು ಕಾಳಜಿ ಇದೆ. ಬೆಟ್ಟ ಹತ್ತುವ ಮಕ್ಕಳ ಜೊತೆ ಯಾರು ಇರಬೇಕು, ಅವರು ಏನು ಕಲಿತಿರಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಮನೆಗೆ ವೈರಿಂಗ್ ಮಾಡುವುದನ್ನು ಕಲಿಯಲು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಇದೆ. ಎರಡು ವರ್ಷ ಓದಬೇಕು, ಕೈಯಾರೆ ಮಾಡಿ ತೋರಿಸಬೇಕು, ಪರೀಕ್ಷೆ ಪಾಸಾಗಬೇಕು. 54 ಮಕ್ಕಳನ್ನು ಬೆಟ್ಟ ಹತ್ತಿಸಲು ಏನೂ ಬೇಕಾಗಿಲ್ಲ. ಒಂದು ಸೀಟಿ ಇದ್ದರೆ ಸಾಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ವಿದ್ಯಾರ್ಥಿನಿಯರು ನೀರು ಪಾಲಾದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿದ್ದ ಶಿಕ್ಷಕರ ಜಾಗದಲ್ಲಿ ನನ್ನನ್ನೇ ನೋಡಿದೆ.

ನಾನು ಕೇಳುತ್ತಿರುವುದು ಇದು. ಜನರನ್ನು ಬೆಟ್ಟಕ್ಕೆ, ಕಾಡಿಗೆ, ನೀರಿಗೆ ಕರೆದೊಯ್ದು ಸುರಕ್ಷಿತವಾಗಿ ವಾಪಸ್ ತರುವುದು ಒಂದು ಕಸುಬು. ಅದನ್ನು ಉಳಿದ ಕಸುಬುಗಳ ಹಾಗೆಯೇ ಕಲಿಸಬೇಕು. ನಮ್ಮ ಭಾಗದ ಒಂದು ಸರ್ಕಾರಿ ಐಟಿಐಯಲ್ಲಿ, ಸಾಧ್ಯವಾದರೆ ಚಿಂಚೋಳಿಯಲ್ಲೇ, ಒಂದು ವರ್ಷದ ಔಟ್‌ಡೋರ್ ಲೀಡರ್ ತರಬೇತಿ ಶುರು ಮಾಡಿ. ಕನ್ನಡದಲ್ಲಿ ಮಾಡಿ. ಹುಡುಗರಿಗೂ ಹುಡುಗಿಯರಿಗೂ ಮಾಡಿ.

ಚಿಂಚೋಳಿ ಯಾಕೆ ಅಂತ ತಾವು ಕೇಳಬಹುದು. ಇಲ್ಲಿನ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದರು. ಸುಮಾರು 135 ಚದರ ಕಿಲೋಮೀಟರ್. ಬಯಲು ಸೀಮೆಯ ಒಣ ಕಾಡು. ಕತ್ತೆಕಿರುಬ ಇದೆ, ತೋಳ ಇದೆ, ನಾಲ್ಕು ಕೊಂಬಿನ ಹುಲ್ಲೆ ಇದೆ. ಚಂದ್ರಂಪಳ್ಳಿ ಕೆರೆ ಇದೆ, ಎತ್ತಿಪೋತ ಜಲಪಾತ ಇದೆ, ನಡುವೆ ಲಂಬಾಣಿ ತಾಂಡಾಗಳಿವೆ. ಮಳೆಗಾಲದ ಭಾನುವಾರ ಹೈದರಾಬಾದ್, ಜಹೀರಾಬಾದ್ ಕಡೆಯಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಬಂದವರಿಗೆ ದಾರಿ ತೋರಿಸುವವರು ಯಾರು? ಚಿಪ್ಸ್ ಮಾರುವ ಮಕ್ಕಳು.

ಅಂಥದ್ದೇ ಒಬ್ಬ ಹುಡುಗ ನನ್ನ ಶಿಷ್ಯ. ತಾಂಡಾದವನು. ಒಂದು ಆಗಸ್ಟ್‌ನಲ್ಲಿ ಎತ್ತಿಪೋತಕ್ಕೆ ಹೋಗಿದ್ದೆವು. ನಮ್ಮ ಮೇಲೆ ಒಳ್ಳೆ ಬಿಸಿಲು. ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದರು. ಇವನು ಮಾತ್ರ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಎದ್ದು ಬಂದು ನನ್ನ ತೋಳು ಹಿಡಿದ. "ಸರ್, ನೀರಿನ ಬಣ್ಣ ತಿರಗ್ಯಾದ್ರಿ. ಮ್ಯಾಲ ಮಳಿ ಆಗ್ಯಾದ. ಎಲ್ಲರ್ನೂ ಹೊರಗ ಕರೀರಿ." ನೋಡಿದೆ. ತಿಳಿ ನೀರಿನಲ್ಲಿ ಒಂದು ಕಡೆಯಿಂದ ಚಹಾದ ಬಣ್ಣದ ಎಳೆ ಇಳಿಯುತ್ತಿತ್ತು. ಅದರ ಜೊತೆ ಹಸಿ ಎಲೆ, ಸಣ್ಣ ಕಡ್ಡಿ. ಸೀಟಿ ಊದಿದೆ. ಮಕ್ಕಳೆಲ್ಲ ಬಂಡೆ ಹತ್ತಿ, ನಾನು ತಲೆ ಎಣಿಸಿ ಮುಗಿಸುವ ಹೊತ್ತಿಗೆ ಮಕ್ಕಳು ಆಡುತ್ತಿದ್ದ ಜಾಗದಲ್ಲಿ ಎದೆಯುದ್ದ ಕೆಂಪು ನೀರು ಹರಿಯುತ್ತಿತ್ತು. ಮುಂದಾಳು ಅಂದರೆ ಯಾರು ಅಂತ ಅವತ್ತು ನೋಡಿದೆ. ಎಲ್ಲರೂ ಜಲಪಾತ ನೋಡುವಾಗ ಒಬ್ಬರು ನೀರಿನ ಬಣ್ಣ ನೋಡುತ್ತಿರಬೇಕು.

ಆ ಹುಡುಗ ಈಗ ಪುಣೆಯಲ್ಲಿದ್ದಾನೆ. ಕಟ್ಟಡದ ಕೆಲಸ. ಪಿಯುಸಿ ಮುಗಿಸಿದ ವರ್ಷವೇ ಅಪ್ಪ ಅಮ್ಮನ ಜೊತೆ ಗುಳೆ ಹೋದ. ಅವನಿಗೆ ಲಂಬಾಣಿ ಬರುತ್ತದೆ, ಕನ್ನಡ, ತೆಲುಗು, ಹಿಂದಿ, ಮರಾಠಿ ಬರುತ್ತವೆ. ಐದು ಭಾಷೆ ಮಾತಾಡುವ, ಹೆಜ್ಜೆ ಗುರುತು ನೋಡಿ ಪ್ರಾಣಿ ಹೇಳುವ, ನೀರಿನ ಬಣ್ಣ ಓದುವ ಹುಡುಗ ಹದಿನೈದನೇ ಮಹಡಿಗೆ ಸಿಮೆಂಟ್ ಹೊರುತ್ತಿದ್ದಾನೆ. ನಮ್ಮ ತಾಲ್ಲೂಕುಗಳಲ್ಲಿ ಇಂಥವರು ಎಷ್ಟು ಜನ ಇದ್ದಾರೋ!

ಆದರೆ ಹುಟ್ಟಿನಿಂದ ಬಂದ ತಿಳಿವಳಿಕೆ ಒಂದೇ ಸಾಲದು. ಇದನ್ನೂ ಹೇಳಲೇಬೇಕು. ಅವನಿಗೆ ನೀರು ಗೊತ್ತು, ಆದರೆ ಮುಳುಗಿದವರ ಉಸಿರು ವಾಪಸ್ ತರಲು ಎದೆ ಒತ್ತುವುದು ಗೊತ್ತಿರಲಿಲ್ಲ. ಹಾವಿನ ಜಾತಿ ಹೇಳುತ್ತಾನೆ, ಆದರೆ ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯಬೇಕು, ಬ್ಲೇಡಿನಿಂದ ಕುಯ್ಯಬೇಕು ಅಂತ ಅವನೂ ನಂಬಿದ್ದ. ಎರಡೂ ತಪ್ಪು. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ತಡ ಮಾಡದೆ, ವಿಷಕ್ಕೆ ಮದ್ದು ಇರುವ ಆಸ್ಪತ್ರೆ ಮುಟ್ಟಿಸಬೇಕು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಒಳ್ಳೆ ಕೆಲಸ. ಆ ತಿಳಿವಳಿಕೆ ಹೊಲ, ಕಾಡು ತಿರುಗುವ ಹುಡುಗರ ಕೈಗೂ ಬರಬೇಕು.

ಕಾಲೇಜಿನಂತೆ ಈ ಕಸುಬು ಕಲಿಸುವ ಸಂಸ್ಥೆಗಳು ಇಲ್ಲದೇ ಇಲ್ಲ. ತೇನ್‌ಸಿಂಗ್, ಹಿಲರಿ ಎವರೆಸ್ಟ್ ಹತ್ತಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಪರ್ವತಾರೋಹಣ ಸಂಸ್ಥೆ ಶುರುವಾಯಿತು. ತೇನ್‌ಸಿಂಗ್ ಅವರೇ ಅಲ್ಲಿ ಪಾಠ ಹೇಳಿದರು. ಉತ್ತರಕಾಶಿಯ ನೆಹರು ಸಂಸ್ಥೆ 1965ರದ್ದು. ಗೋವಾದಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆ ಇದೆ. ನಮ್ಮ ರಾಜ್ಯದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಅವರ ಮೇಲೆ ನನಗೆ ಬಹಳ ಗೌರವ. ಆದರೆ ಹಿಮಾಲಯದ ಕೋರ್ಸಿನಲ್ಲಿ ಹಿಮ ಕಡಿದು ಮೆಟ್ಟಿಲು ಮಾಡುವುದನ್ನು ಕಲಿಸುತ್ತಾರೆ. ನಮಗೆ ಬೇಕಾದದ್ದು ಬೇರೆ. ಇಲ್ಲಿ ಸಾವು ಬರುವುದು ಬಿಸಿಲಿನಿಂದ. ಸಿಡಿಲಿನಿಂದ. ಶಹಾಬಾದ್ ಕಲ್ಲು ತೆಗೆದು ಬಿಟ್ಟ ಗಣಿ ಹೊಂಡಗಳಲ್ಲಿ ಮಳೆ ನೀರು ತುಂಬಿ, ಈಜಲು ಇಳಿದ ಹುಡುಗರು ಮೇಲೆ ಬರದೆ. ಕೋಟೆ ಗೋಡೆಯ ಹೆಜ್ಜೇನು ಯಾರೋ ಹಚ್ಚಿದ ಬೆಂಕಿಯ ಹೊಗೆಗೆ ಎದ್ದು. ಇವುಗಳ ಪಾಠ ಇಲ್ಲೇ ಹುಟ್ಟಬೇಕು.

ಬ್ರಿಟನ್ನಿನಲ್ಲಿ ಮೌಂಟೇನ್ ಲೀಡರ್ ಅಂತ ಒಂದು ಸರ್ಟಿಫಿಕೇಟ್ ಇದೆ. ಅದರ ಒಂದು ಪದ್ಧತಿ ನನಗೆ ತುಂಬ ಹಿಡಿಸಿತು. ತರಬೇತಿಗೆ ಸೇರುವ ಮೊದಲೇ ಕನಿಷ್ಠ 20 ದಿನ ಬೆಟ್ಟ ತಿರುಗಿದ ದಾಖಲೆ ತೋರಿಸಬೇಕು. ಪರೀಕ್ಷೆಗೆ ಕೂರುವ ಹೊತ್ತಿಗೆ ಅದು 40 ದಿನ ಆಗಿರಬೇಕು. ಜೊತೆಗೆ 16 ಗಂಟೆಯ ಪ್ರಥಮ ಚಿಕಿತ್ಸೆ ಕಲಿತಿರಬೇಕು. ಪ್ರತಿ ದಿನದ್ದೂ ಲಾಗ್‌ಬುಕ್ಕಿನಲ್ಲಿ ಬರೆದಿರಬೇಕು: ಎಲ್ಲಿಗೆ ಹೋದೆ, ಹವೆ ಹೇಗಿತ್ತು, ದಾರಿ ಎಲ್ಲಿ ತಪ್ಪಿತು. ಸರ್ಟಿಫಿಕೇಟ್ ಕೊಡುವುದು ಕ್ಲಾಸಿನ ಹಾಜರಿಗೆ ಅಲ್ಲ, ಕಾಲು ನಡೆದ ದಾರಿಗೆ. ನಮ್ಮ ಕೋರ್ಸಿಗೂ ಹೀಗೇ ಒಂದು ದಪ್ಪ ಬೈಂಡಿನ ನೋಟ್‌ಬುಕ್ ಇರಲಿ. ಸಾಹಸ ಪ್ರವಾಸದ ಮುಂದಾಳುಗಳಿಗೆ ಏನೇನು ಬರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಮಾನದಂಡವೂ ಇದೆ, ಐಎಸ್‌ಒ 21102, 2020ರದ್ದು. ಪಠ್ಯ ಬರೆಯುವವರು ಬರಿಗೈಯಲ್ಲಿ ಕೂರಬೇಕಾಗಿಲ್ಲ.

ಕನ್ನಡದಲ್ಲಿ ಮಾಡಿ ಅಂದೆನಲ್ಲ, ಅದು ಬರೀ ಅಭಿಮಾನದ ಮಾತಲ್ಲ. ಕೋಟೆಯ ಘಟನೆ ಆದ ಮೇಲೆ ನಾನು ರಜೆ ಹಾಕಿ, ಸ್ವಂತ ದುಡ್ಡಿನಲ್ಲಿ ಒಂದೆರಡು ಶಿಬಿರಗಳಿಗೆ ಹೋಗಿ ಬಂದೆ. ಹಗ್ಗ, ಗಂಟು, ಬಿಲೇ (ಹತ್ತುವವನು ಬೀಳದಂತೆ ಅವನ ಹಗ್ಗವನ್ನು ಇನ್ನೊಬ್ಬ ಹಿಡಿದಿರುವುದು) ಅಷ್ಟಿಷ್ಟು ಕಲಿತೆ. ಶಹಾಪುರದ ಬಂಡೆಗಳ ಹತ್ತಿರ, ಮಲಗಿದ ಬುದ್ಧನ ಬೆಟ್ಟ ಕಾಣುವ ಕಡೆ, ಕೆಲವು ಹಳೆ ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸುತ್ತಿದ್ದೆ. ಆಳೆತ್ತರದ ಸಣ್ಣ ಬಂಡೆ. ಮೇಲಿದ್ದ ಹುಡುಗನಿಗೆ ಕಾಲಿಡಲು ಜಾಗ ಸಿಗಲಿಲ್ಲ. ಕೆಳಗಿದ್ದವನು ಎಡಕ್ಕೆ ಇಡು, ಬಲಕ್ಕೆ ಇಡು ಅಂತ ಕೂಗುತ್ತಿದ್ದ. ಮೇಲಿನವನು ಬೇಸತ್ತು "ಇರ್ಲಿ, ಬಿಡ್ರಿ" ಅಂದ. ನಮ್ಮ ಕಡೆ ಹಾಗೆ ಅಂದರೆ ಸಾಕು, ಪರವಾಗಿಲ್ಲ ಅಂತ ಅರ್ಥ. ಕೆಳಗಿನವನಿಗೆ ಕೇಳಿಸಿದ್ದು "ಬಿಡ್ರಿ" ಮಾತ್ರ. ಅವನು ಹಗ್ಗ ಬಿಟ್ಟ. ಹುಡುಗ ಮಣ್ಣಿನ ಮೇಲೆ ಬಿದ್ದ, ಮೊಣಕೈ ತರಚಿತು, ಅಷ್ಟೇ. ಬಂಡೆ ಇಪ್ಪತ್ತಡಿ ಇದ್ದಿದ್ದರೆ?

ಅವತ್ತೇ ಕೂತು ನಮ್ಮದೇ ಮಾತುಗಳನ್ನು ಗೊತ್ತು ಮಾಡಿಕೊಂಡೆವು. ಹಗ್ಗದ ಹತ್ತಿರ "ಬಿಡು" ಅನ್ನೋ ಶಬ್ದವೇ ಇಲ್ಲ. ಬಿಗಿ ಬೇಕಾದರೆ "ಎಳಿ". ಸಡಿಲ ಬೇಕಾದರೆ "ಸಡ್ಲ". ಪ್ರತಿ ಮಾತಿಗೂ ಎದುರಿನವನು ಅದೇ ಮಾತು ತಿರುಗಿ ಹೇಳಬೇಕು, ಹೇಳುವ ತನಕ ಕೈ ಅಲ್ಲಾಡಬಾರದು. ಇಂಗ್ಲಿಷ್ ಕೈಪಿಡಿಯನ್ನು ಪದಕ್ಕೆ ಪದ ಕನ್ನಡ ಮಾಡಿದರೆ ಇದು ಬರುವುದಿಲ್ಲ. ಹಗ್ಗ ಹಿಡಿದು, ಬಿದ್ದು, ಎದ್ದು ಮಾಡಿದ ಕೈಪಿಡಿ ಬೇಕು.

ಇನ್ನೊಂದು ಕಳಕಳಿಯ ವಿನಂತಿ. ದಯವಿಟ್ಟು ಮೊದಲ ದುಡ್ಡನ್ನು ಜಿಪ್‌ಲೈನ್‌ಗೆ, ಕಾಂಕ್ರೀಟ್ ಸೆಲ್ಫಿ ಪಾಯಿಂಟಿಗೆ ಹಾಕಬೇಡಿ. ಕೆಲ ವರ್ಷದ ಹಿಂದೆ ಒಂದು ಕಡೆ ಮಕ್ಕಳನ್ನು ಹಗ್ಗದ ಆಟಕ್ಕೆ ಕರೆದೊಯ್ದಿದ್ದೆ. ಹಾರ್ನೆಸ್, ಅಂದರೆ ಹಗ್ಗಕ್ಕೆ ಸಿಕ್ಕಿಸಲು ಮೈಗೆ ಕಟ್ಟುವ ಪಟ್ಟಿಯನ್ನು, ಕೈಗೆ ತೆಗೆದುಕೊಂಡು ನೋಡಿದೆ. ಒಂದು ಕಾಲಕ್ಕೆ ಕೆಂಪಗಿತ್ತು ಅನ್ನೋದು ಮಡಿಕೆಯ ಒಳಗೆ ಮಾತ್ರ ಕಾಣುತ್ತಿತ್ತು. ಹೊರಗೆಲ್ಲ ಒಣ ಮೆಣಸಿನಕಾಯಿ ಹಳತಾದ ಹಾಗೆ ಬಿಳಚಿಕೊಂಡಿತ್ತು. ಹೊಲಿಗೆಯ ದಾರ ಎದ್ದು ನವಿರಾದ ಜುಂಗು ಬಂದಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಬಿಸಿಲು ನೈಲಾನನ್ನು ಒಳಗೊಳಗೇ ತಿನ್ನುತ್ತದೆ. ಬಳಸದೆ ಪೆಟ್ಟಿಗೆಯಲ್ಲಿ ಇಟ್ಟರೂ ಹತ್ತು ವರ್ಷಕ್ಕೆ ಬಿಸಾಡಿ ಅಂತ ಒಳ್ಳೆ ಕಂಪನಿಗಳೇ ಹೇಳುತ್ತವೆ. ಅಲ್ಲಿ ನಿಂತಿದ್ದ ಹುಡುಗನನ್ನು ಇದು ಯಾವ ವರ್ಷದ್ದಪ್ಪ ಅಂದೆ. "ನಾ ಬಂದಾಗಿಂದ ಅದರಿ ಸರ್" ಅಂದ. ಪಾಪ, ಅವನ ತಪ್ಪಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಮಕ್ಕಳನ್ನು ವಾಪಸ್ ಕರೆದುಕೊಂಡು ಬಂದೆ. ಕಬ್ಬಿಣದ ಕಂಬ ನಿಲ್ಲಿಸುವುದು ಸುಲಭ. ಹಾರ್ನೆಸ್ ಕೆರೆದು ನೋಡುವ ಉಗುರನ್ನು ತಯಾರು ಮಾಡುವುದಕ್ಕೆ ವರ್ಷ ಬೇಕು. ಮೊದಲ ದುಡ್ಡು ಅಲ್ಲಿಗೆ ಹೋಗಲಿ.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ನಮ್ಮ ಕಡೆ ರಾತ್ರಿ ತಂಗುವ ಶಿಬಿರ ಅಂದರೆ ಅಪ್ಪ ಅಮ್ಮ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಕಳಿಸದಿರುವುದು ತಪ್ಪು ಅಂತ ನಾನು ಹೇಳಲಾರೆ. ಜೊತೆಗೆ ಬರುವವರೆಲ್ಲ ಗಂಡಸರು. ಎರಡು ವರ್ಷದ ಹಿಂದೆ ನನ್ನ ಹಳೆ ವಿದ್ಯಾರ್ಥಿನಿ ಒಬ್ಬಳು, ಈಗ ನರ್ಸಿಂಗ್ ಓದುತ್ತಿದ್ದಾಳೆ, ಚಂದ್ರಂಪಳ್ಳಿಯ ನಡಿಗೆಗೆ ನಾನೂ ಬರುತ್ತೇನೆ ಸರ್ ಅಂದಳು. ಅಕ್ಕ ಬರುತ್ತಾಳೆ ಅಂತ ಗೊತ್ತಾದ ಮೇಲೆ ಒಂಬತ್ತು ಹುಡುಗಿಯರು ಇದ್ದದ್ದು ಇಪ್ಪತ್ತಾರು ಆಯಿತು. ಮುಟ್ಟಿನ ದಿನ ಬೆಟ್ಟದಲ್ಲಿ ಏನು ಮಾಡೋದು ಅಂತ ಕೇಳಲು ಅವರಿಗೆ ಒಬ್ಬರು ಸಿಕ್ಕಿದರು. ಇಷ್ಟು ವರ್ಷ ಅದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಕೋರ್ಸಿನಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಇಡಿ. ಹಾಸ್ಟೆಲ್ ಮೊದಲ ದಿನದಿಂದಲೇ ಇರಲಿ.

ಕಲಿತ ಮೇಲೆ ಕೆಲಸ ಎಲ್ಲಿ? ಈ ಪ್ರಶ್ನೆ ಮನೆಯಲ್ಲಿ ಮೊದಲು ಕೇಳುತ್ತಾರೆ, ಕೇಳಲೇಬೇಕು. ತಿಂಗಳ ಸಂಬಳ ಎಲ್ಲರಿಗೂ ಸಿಗುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ನಮ್ಮ ಸೀಸನ್ ಜೂನ್‌ನಿಂದ ಫೆಬ್ರವರಿ ತನಕ. ಆದರೆ ಕೆಲಸ ಹುಟ್ಟಿಸುವುದು ತಮ್ಮ ಕೈಯಲ್ಲೂ ಇದೆ. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನಕ್ಕೆ, ಶಾಲಾ ಪ್ರವಾಸಗಳಿಗೆ ತರಬೇತಿ ಪಡೆದ ಒಬ್ಬ ಲೀಡರ್ ಜೊತೆಗಿರಲೇಬೇಕು ಅಂತ ಒಂದು ಆದೇಶ ಬರಲಿ, ಅವರ ದಿನಗೂಲಿಯನ್ನು ಪ್ರವಾಸದ ಖರ್ಚಿನಲ್ಲೇ ಸೇರಿಸಲಿ. ವಸತಿ ಶಾಲೆಗಳಿಗೆ ಇವರು ಬೇಕು. ಬೀದರ್‌ನಲ್ಲಿ ಜಂಗಲ್ ಲಾಡ್ಜಸ್‌ನ ಕೃಷ್ಣಮೃಗ ರೆಸಾರ್ಟ್ ಇದೆ, ನೌಬಾದ್‌ನ ಕರೇಜ್ ಅನ್ನೋ ಹಳೆಯ ಸುರಂಗದ ನೀರಿನ ದಾರಿ ಇದೆ. ಬೀದರಿನ ಹಳೆಯ ನಗರ 2014ರಲ್ಲಿ ಜಗತ್ತಿನ ಗಮನ ಬೇಕಾದ ಸ್ಮಾರಕಗಳ ಪಟ್ಟಿಗೆ ಬಂದಿತ್ತು. ಸುರಪುರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ಸನ್ನತಿಯಲ್ಲಿ ಅಶೋಕ ಚಕ್ರವರ್ತಿಯ ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿದೆ, ಪಕ್ಕದಲ್ಲೇ ಭೀಮೆ ಹರಿಯುತ್ತಾಳೆ. ಒಂದೊಂದು ಕಡೆಯೂ ಒಂದು ದಿನದ ನಡಿಗೆ ಮಾಡಿಸಬಹುದು.

ಭೀಮೆ ಅಂದಾಗ ನೆನಪಾಯಿತು. 2020ರ ಅಕ್ಟೋಬರ್‌ನಲ್ಲಿ ಅವಳು ಉಕ್ಕಿದಾಗ ಎಷ್ಟು ಊರುಗಳು ನೀರಿನಲ್ಲಿ ನಿಂತವು, ತಮಗೆ ಗೊತ್ತೇ ಇದೆ. ಹೊರಗಿನಿಂದ ರಕ್ಷಣಾ ತಂಡ ಬರುವ ತನಕ ಊರಿನವರೇ ಒಬ್ಬರನ್ನೊಬ್ಬರು ಎಳೆದು ದಡ ಸೇರಿಸಬೇಕು. ನದಿ ದಂಡೆಯ ಪ್ರತಿ ಹೋಬಳಿಯಲ್ಲಿ ಹಗ್ಗ ಎಸೆಯಲು, ದೋಣಿ ನಡೆಸಲು, ಎದೆ ಒತ್ತಿ ಉಸಿರು ತರಲು ಬರುವ ನಾಲ್ಕು ಜನ ಇದ್ದರೆ ಹೇಗಿರುತ್ತದೆ, ಯೋಚಿಸಿ. ಪ್ರವಾಸಿಗರು ಬರದ ತಿಂಗಳಲ್ಲೂ ಇವರ ವಿದ್ಯೆ ಊರಿಗೆ ಬೇಕಾಗುತ್ತದೆ.

ಮೊದಲ ಬ್ಯಾಚಿಗೆ 24 ಜನ ಸಾಕು. ಕಲಬುರಗಿ, ಬೀದರ್, ಯಾದಗಿರಿಯಿಂದ ಎಂಟೆಂಟು. ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಸಾಕು, ಅಂಕ ನೋಡಬೇಡಿ. ಆಯ್ಕೆಗೆ ಎರಡು ದಿನ ಕಾಡಿನಲ್ಲಿ ನಡೆಸಿ. ಮುಂದೆ ಓಡುವವರನ್ನು ಬಿಡಿ, ಹಿಂದೆ ಉಳಿದವರ ಚೀಲ ಹೊತ್ತವರನ್ನು ತೆಗೆದುಕೊಳ್ಳಿ. ತಿಂಗಳಿಗೆ ಸ್ಟೈಪೆಂಡ್ ಕೊಡಿ, ಇಲ್ಲದಿದ್ದರೆ ಗುಳೆ ಹೋಗುವ ಮನೆಯ ಮಕ್ಕಳು ಬರುವುದೇ ಇಲ್ಲ. ಪಾಠ ಹೇಳಲು ತಿಮ್ಮಯ್ಯ ಅಕಾಡೆಮಿಯವರನ್ನು, ಗೋವಾದ ಜಲಕ್ರೀಡಾ ಸಂಸ್ಥೆಯವರನ್ನು ಕರೆಸಿ. ಅರಣ್ಯ ಇಲಾಖೆಯ ವಾಚರ್‌ಗಳನ್ನೂ ಕರೆಸಿ, ತಾಂಡಾದ ಹಿರಿಯರನ್ನೂ ಕರೆಸಿ, ಗೌರವಧನ ಎಲ್ಲರಿಗೂ ಒಂದೇ ಇರಲಿ. ಯಾದಗಿರಿ ಕೋಟೆಯ ಆ ಅಜ್ಜಿ ಇದ್ದಿದ್ದರೆ ಮೊದಲ ಕ್ಲಾಸು ಅವರದ್ದೇ ಆಗಬೇಕು ಅಂತ ನಾನು ಹಟ ಹಿಡಿಯುತ್ತಿದ್ದೆ. ಹೋದ ವರ್ಷ ಹುಡುಕಿಕೊಂಡು ಹೋಗಿದ್ದೆ. ತೀರಿಕೊಂಡರು ಅಂತ ಪಕ್ಕದ ಅಂಗಡಿಯವರು ಹೇಳಿದರು.

ಕಡತ ನೋಡುವ ಮೊದಲು ತಾವು ಒಮ್ಮೆ ನಮ್ಮ ಜೊತೆ ನಡೆದು ನೋಡಬೇಕು ಅಂತ ಆಸೆ. ನವೆಂಬರ್ ತಿಂಗಳ ಎರಡನೇ ಶನಿವಾರ ನಾವು ಚಂದ್ರಂಪಳ್ಳಿಗೆ ಹೋಗುತ್ತಿದ್ದೇವೆ, ಅರಣ್ಯ ಇಲಾಖೆಯ ಅನುಮತಿ ಪಡೆದು. 30 ಮಕ್ಕಳು, ನರ್ಸಿಂಗ್ ಓದುವ ಆ ಹುಡುಗಿ, ನಾನು. ಪುಣೆಯ ಹುಡುಗನೂ ರಜೆ ಹಾಕಿ ಬರುತ್ತೇನೆ ಅಂದಿದ್ದಾನೆ. ಬೆಳಿಗ್ಗೆ ಆರಕ್ಕೆ ಕೆರೆ ಏರಿಯಿಂದ ಹೊರಟು ಹತ್ತೂವರೆಗೆ ಅಲ್ಲೇ ವಾಪಸ್. ಟೋಪಿ ಹಾಕಿಕೊಳ್ಳಿ, ಬೂಟು ಹಳೆಯದಾದರೂ ನಡೆಯುತ್ತದೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು. ಜೋಳದ ರೊಟ್ಟಿ, ಶೇಂಗಾ ಹಿಂಡಿ ನಾವು ತರುತ್ತೇವೆ.

ಇತಿ,
ಚಿಂಚೋಳಿ ತಾಲ್ಲೂಕಿನ ಒಬ್ಬ ದೈಹಿಕ ಶಿಕ್ಷಕ